ಹಸಿರು ರೇವವ್ವನದು, ಕೆಂಪು ಪ್ರಿಯಾಳದು

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಂದಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಚಂದಪ್ಪ ಎನ್ನುತ್ತಿದ್ದರು. ಪ್ರೆಸ್ಸಿನ ಕಿವುಡ ಅಂದರೆ ಸಣ್ಣ ಹುಡುಗರೂ ಬೆರಳು ಮಾಡಿ ತೋರಿಸುತ್ತಿದ್ದರು. ಜನರ ಬಾಯಿಗೆ ಅಡ್ಡ ಯಾರು ಬರಬೇಕು! ಆದರೆ ಅವನೇನು ಹುಟ್ಟು ಕಿವುಡನಲ್ಲ. ತೊಂಬತ್ನಾಲ್ಕರಲ್ಲಿ ಕ್ಷಯ ಆಗಿ ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡ. ಎದೆ ನೆಟ್ಟಗಾಯಿತು, ಅದೇ ಇಂಜೆಕ್ಷನ್ನಿಗೆ ಕಿವಿ ಹೋಯಿತು. ಮಗಳು ಪ್ರಿಯದರ್ಶಿನಿ ಆಗಷ್ಟೇ ತೊದಲು ಮಾತು ಕಲಿಯುತ್ತಿದ್ದಳು. ಅವಳ ಬಾಯಿಂದ ಪೂರಾ ಒಂದು ಮಾತು ಬರುವಷ್ಟರಲ್ಲಿ ಇವನಿಗೆ ಏನೂ ಕೇಳದಂತಾಗಿತ್ತು.

ಅವನ ಕೆಲಸ ಶಮಶುದ್ದೀನ ಸಾಹೇಬರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದು. ಅದಕ್ಕೆ ಕಣ್ಣು, ಬೆರಳು ಇದ್ದರೆ ಸಾಕು. ಮುಂದೆ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಉಳಿದವರು ಮುಟ್ಟಿದರೆ ಕೆಟ್ಟೀತು ಎಂದು ದೂರ ನಿಂತರು. ಚಂದಪ್ಪ ಅದರ ಮುಂದೆ ಕೂತವನು ಏಳಲೇ ಇಲ್ಲ. ಲಗ್ನಪತ್ರಿಕೆ, ಜಾಹೀರಾತು, ಸಹಕಾರಿ ಸಂಘದ ವರದಿ ಎಲ್ಲ ಅವನ ಕೈಯಲ್ಲೇ. ಬಿಜಾಪುರದಿಂದ ಪ್ರೋಗ್ರಾಮಿಂಗಿನ ದಪ್ಪನೆಯದೊಂದು ಪುಸ್ತಕ ತರಿಸಿಕೊಂಡು, ಅರ್ಧ ತಿಳಿದು ಅರ್ಧ ತಿಳಿಯದೆ, ಸಣ್ಣಪುಟ್ಟ ಪ್ರೋಗ್ರಾಮುಗಳನ್ನೂ ಬರೆಯತೊಡಗಿದ. ಕಿವಿ ಇಲ್ಲದವನಿಗೆ ಹರಟೆಯ ಖರ್ಚು ಇರುವುದಿಲ್ಲ ನೋಡಿ, ಹೊತ್ತು ಬೇಕಾದಷ್ಟಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ಹೆಂಡತಿ ರೇವವ್ವ ಮೋರಟಗಿಯವಳು, ಸಾಲಿಯ ಕಟ್ಟೆ ಹತ್ತಿದವಳಲ್ಲ; ಹಗಲೆಲ್ಲ ಮನೆ ಕಟ್ಟುವ ಗೌಂಡಿಯ ಕೈಕೆಳಗೆ ಕೂಲಿ ಮಾಡುವವಳು. ಬರೆದು ತೋರಿಸೋಣವೆಂದರೆ ಅಕ್ಷರ ಬಾರದು, ಬಾಯಲ್ಲಿ ಹೇಳಿದರೆ ಇವನಿಗೆ ಕೇಳದು. ಸನ್ನೆಯಲ್ಲಿ ಉಪ್ಪು ತಾ ಅನ್ನಬಹುದು, ಕಟ್ಟಿಗೆ ಮುಗಿಯಿತು ಅನ್ನಬಹುದು. ಮನಸ್ಸಿನೊಳಗಿನದನ್ನು ಯಾವ ಸನ್ನೆಯಲ್ಲಿ ಹೇಳುವುದು? ವರ್ಷಗಟ್ಟಲೆ ಆ ಮನೆಯಲ್ಲಿ ಗಂಡ ಹೆಂಡತಿ ಉಪ್ಪು ಕಟ್ಟಿಗೆಯಲ್ಲೇ ಸಂಸಾರ ಮಾಡಿದರು.

ಎರಡು ಸಾವಿರದ ಮೂರರಲ್ಲಿ ಸಾಹೇಬರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಚಂದಪ್ಪನಿಗೆ ಕೊಟ್ಟರು. ಅವನು ಅದನ್ನು ಎಮ್ಮೆಯ ಕರುವನ್ನು ಎತ್ತಿಕೊಂಡಂತೆ ಎರಡೂ ತೋಳಲ್ಲಿ ಅಪ್ಪಿಕೊಂಡು ಮನೆಗೆ ತಂದ. ಐದನೇ ಇಯತ್ತೆ ಓದುತ್ತಿದ್ದ ಪ್ರಿಯಾ ವಾರದೊಳಗೆ ಕನ್ನಡ ಟೈಪು ಕಲಿತಳು. ಅಂದಿನಿಂದ ಸಂಜೆ ರೇವವ್ವ ರೊಟ್ಟಿ ಬಡಿಯುತ್ತ ಹೇಳಬೇಕು, ಮಗಳು ಪರದೆಯ ಮೇಲೆ ಬರೆಯಬೇಕು, ಚಂದಪ್ಪ ಓದಿ ಬಾಯಲ್ಲಿ ಉತ್ತರ ಕೊಡಬೇಕು. ಹೀಗೆ ನಡೆಯಿತು ಆ ಮನೆಯ ಮಾತುಕತೆ.

ಮಗಳು ತಾನಾಡಿದ್ದನ್ನು ಕೆಂಪಕ್ಷರದಲ್ಲಿ ಬರೆಯುತ್ತಿದ್ದಳು. ಅವ್ವನದಕ್ಕೆ ಯಾವ ಬಣ್ಣ ಎಂದು ಕೇಳಿದಾಗ ರೇವವ್ವ ಹಿಟ್ಟಿನ ಕೈ ಎತ್ತಿ ಬಳೆ ತೋರಿಸಿದಳು.

"ನಂದು ಹಸರ ಇರ್ಲಿ. ಮುತ್ತೈದಿ ಅದೇನಿ, ಕರೀದು ಗಿರೀದು ಹಚ್ಚಿಗಿಚ್ಚಿ!"

ಒಂದು ಮಜಾ ಏನೆಂದರೆ, ಹುಡುಗಿ ತನ್ನ ಮಾತಿಗೂ "ಅಪ್ಪಾ" ಎಂದು ಶುರು ಮಾಡುತ್ತಿದ್ದಳು, ಅವ್ವನ ಮಾತಿಗೂ "ಅಪ್ಪಾ" ಎಂದೇ ಬರೆಯುತ್ತಿದ್ದಳು. ಹೆಂಡತಿ ತನ್ನನ್ನು ಅಪ್ಪಾ ಎನ್ನುವುದನ್ನು ಓದಿ ಚಂದಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಓದಲು ಬಾರದ ರೇವವ್ವ ತಾನೇನು ತಪ್ಪು ಅಂದೆನೋ ಎಂದು ಮುಖ ಮುಖ ನೋಡುತ್ತಿದ್ದಳು.

ಆ ಮಾತುಗಳನ್ನು ಅಳಿಸಲು ಅವನಿಗೆ ಮನಸ್ಸು ಬರಲಿಲ್ಲ. ದಿನದ ಮಾತನ್ನೆಲ್ಲ ವೆಬ್ ಪುಟದ ರೂಪದಲ್ಲಿ ಒಂದು ದೊಡ್ಡ ಪುಟಕ್ಕೆ ಸೇರಿಸುವ ಪ್ರೋಗ್ರಾಮ್ ಬರೆದ. ಒಂದು ಗುಂಡಿ ಒತ್ತಿದರೆ ಸಾಕು, ಪರದೆಯ ಮೇಲಿದ್ದುದು ಕ್ಲಿಪ್‌ಬೋರ್ಡಿಗೆ ಬಂದು, ಅಲ್ಲಿಂದ ದೊಡ್ಡ ಪುಟದ ಕೊನೆಗೆ ಅಂಟಿಕೊಳ್ಳುತ್ತಿತ್ತು. ಕ್ಲಿಪ್‌ಬೋರ್ಡ್ ಎಂದರೇನು ಎಂದು ಮಗಳು ಕೇಳಿದ್ದಕ್ಕೆ, "ಅದು ಕಂಪ್ಯೂಟರಿನ ಉಡಿ ಅವ್ವಾ. ಅಲ್ಲಿಂದ ತಗೊಂಡು ಇಲ್ಲಿ ಸುರುವೂತನಕಾ ಉಡಿಯಾಗ ಇರ್ತೈತಿ" ಎಂದಿದ್ದ. ಆ ಉಡಿಯೊಳಗೆ ಒಂದೇ ಮಾತು ಎರಡು ರೀತಿಯಲ್ಲಿ ಬೀಳುತ್ತಿತ್ತು: ಅಕ್ಷರದ ರೂಪ ಎಂದರೆ ಫಾಂಟ್, ಬಣ್ಣ ಎಲ್ಲ ತೊಟ್ಟುಕೊಂಡ ಪ್ರತಿ ಒಂದು, ಏನೂ ಇಲ್ಲದ ಬೋಳು ಪ್ರತಿ ಒಂದು. ಪ್ರೋಗ್ರಾಮ್ ಬಣ್ಣದ್ದನ್ನು ಕೇಳಿ ಪಡೆಯಬೇಕು. ಚಂದಪ್ಪ ಹಾಗೆಯೇ ಬರೆದಿದ್ದ. ಮೊದಲ ಕೆಲವು ಸಂಜೆ ತೆಗೆದು ನೋಡಿದ, ಹಸಿರು ಕೆಂಪು ಸರಿಯಾಗಿ ಬಂದಿದ್ದವು. ಆಮೇಲೆ ನೋಡುವ ಗೊಡವೆಗೆ ಹೋಗಲಿಲ್ಲ.

ಕೆಲವೇ ದಿನಕ್ಕೆ ಒಂದು ಸಂಜೆ ಗುಂಡಿ ಒತ್ತಿದರೆ ಪರದೆ ಕಲ್ಲಾಗಿ ಕೂತಿತು. ಬಣ್ಣದ ಪ್ರತಿ ಉಡಿಗೆ ಬರುವುದು ತಡವಾಗಿ ಪ್ರೋಗ್ರಾಮ್ ಅದನ್ನೇ ಕಾಯುತ್ತಿತ್ತು. ರೇವವ್ವ ಏನೋ ಹೇಳಬೇಕೆಂದು ಕಾದು ಕಾದು ಸಿಟ್ಟಿಗೆದ್ದಳು. ಕಂಪ್ಯೂಟರನ್ನು ಮತ್ತೆ ಹಚ್ಚಿ ಮಗಳು ಬರೆದದ್ದು ಇಷ್ಟು: "ಅಪ್ಪಾ, ಈ ಡಬ್ಬಿ ನಿಂತ್ರ ನನ್ನ ಮಾತೂ ನಿಲ್ಲಬೇಕನ? ಮೊದಲ ಒದರಿ ಒದರಿ ಗಂಟಲ ಹರಕೊಂಡೇನಿ."

ಅದನ್ನು ಓದಿದವನು, ಇನ್ನೊಮ್ಮೆ ಅವಳು ಕಾಯಬಾರದು ಎಂದು ಅವತ್ತೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ: ಬಣ್ಣದ ಪ್ರತಿ ತಟ್ಟನೆ ಸಿಗದಿದ್ದರೆ ಬೋಳು ಪ್ರತಿ ತೆಗೆದುಕೊಂಡು ಮುಂದೆ ನಡೆ. ಒಳ್ಳೆಯದಕ್ಕೆಂದೇ ಸೇರಿಸಿದ, ಪಾಪ. ಆದರೆ ಪುಟ ಬೆಳೆದಂತೆಲ್ಲ ಮುದಿ ಯಂತ್ರ ಏದುಸಿರು ಬಿಡುತ್ತಿತ್ತು, ಬಣ್ಣದ ಪ್ರತಿ ತಟ್ಟನೆ ಎಂದೂ ಸಿಗಲಿಲ್ಲ. ಪ್ರೋಗ್ರಾಮ್ ಹೇಳಿದಂತೆ ಕೇಳಿತು, ದಿನಾ ಬೋಳು ಪ್ರತಿಯನ್ನೇ ಅಂಟಿಸುತ್ತ ಹೋಯಿತು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ರೇವವ್ವನಿಗೆ ಕಾಮಾಲೆ ಹತ್ತಿತು. ಊರ ಔಷಧಿ ಎಂದು ತಡ ಮಾಡಿದರು. ಬಿಜಾಪುರಕ್ಕೆ ಒಯ್ದು ದವಾಖಾನೆಗೆ ಸೇರಿಸುವಾಗ ಅವಳ ಕಣ್ಣು ಅರಿಸಿನವಾಗಿದ್ದವು. ಅವಳ ತಂಗಿ ಹತ್ತಿರ ಇದ್ದಳು. ಚಂದಪ್ಪ ಹಗಲೆಲ್ಲ ಅಲ್ಲಿದ್ದು, ಮನೆಯಲ್ಲಿ ಹುಡುಗಿ ಒಬ್ಬಳೇ ಎಂದು ಸಂಜೆ ಬಸ್ಸಿಗೆ ಮರಳುತ್ತಿದ್ದ. ಹೀಗೆ ಹೋಗಿ ಬರುತ್ತಿರುವಾಗಲೇ ಒಂದು ಬೆಳಿಗ್ಗೆ ಅವಳು ತೀರಿಕೊಂಡಳು. ಕೊನೆಗೆ ಅವಳ ತುಟಿ ಅಲುಗಾಡಿದವಂತೆ. ಅವನು ಎದುರಿಗಿದ್ದಿದ್ದರೂ ಕೇಳುತ್ತಿರಲಿಲ್ಲ ಬಿಡಿ, ಆ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಚಂದಪ್ಪ ದೊಡ್ಡ ಪುಟ ತೆರೆದ. ಅವನ ಪಾಲಿಗೆ ಹೆಂಡತಿಯ ದನಿ ಎಂದು ಉಳಿದಿದ್ದರೆ ಅದೊಂದೇ. ನೋಡಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಹುಡಿ! ಮೊಳೆ ಜೋಡಿಸಿದ ಕೈ, ಗುರುತು ಹಿಡಿಯಿತು: ಆಗಿನ ಕನ್ನಡಕ್ಕೆ ಫಾಂಟ್ ತೊಡಿಸಿದರೆ ಮಾತ್ರ ಕನ್ನಡ, ಬಿಚ್ಚಿದರೆ ಈ ಹುಡಿ. ಎಲ್ಲವನ್ನೂ ಹಿಡಿದು ಫಾಂಟ್ ಹಚ್ಚಿದ. ಕನ್ನಡ ಬಂತು. ಆದರೆ ಎಲ್ಲ ಕರ್ರಗೆ. ಮೊದಲ ಕೆಲವು ಸಂಜೆಯ ಮಾತಿಗಷ್ಟೇ ಬಣ್ಣ ಇತ್ತು. ಅಲ್ಲಿ ಹಸಿರು ಕಡಿಮೆಯೇ ಇತ್ತು; ಅವಳಿನ್ನೂ ಯಂತ್ರಕ್ಕೆ ನಾಚುತ್ತಿದ್ದ ದಿನಗಳವು ಎಂದುಕೊಂಡ.

ಫಾಂಟನ್ನು ಮರಳಿ ಹಚ್ಚಬಹುದು. ಯಾವ ಮಾತು ಯಾರದು ಎಂಬುದನ್ನು ಎಲ್ಲಿಂದ ತರುವುದು? "ಎಣ್ಣಿ ತೀರೇತಿ", "ಗೌಂಡಿ ಬಂದಿದ್ದ" ಇಂಥವು ಅವಳವೇ, ಸಂಶಯವಿಲ್ಲ. ಆದರೆ "ಅಪ್ಪಾ, ಇವತ್ತ ಮುಖ ಬಾಡೇತಿ ನೋಡು" ಎಂದದ್ದು ಯಾರು? "ಉಂಡ ಹೋಗು ಅಪ್ಪಾ" ಯಾರು? ಹಾಳು ಅಪ್ಪಾ, ಎರಡರ ಮೇಲೂ ಅದೇ! ತನ್ನ ಹೆಂಡತಿಯ ಮಾತನ್ನು ತನ್ನ ಕೈಯಾರೆ ಬಳಿದು ಹಾಕಿದೆ ಎಂದು ಅವನು ತಲೆ ತಲೆ ಬಡಿದುಕೊಂಡ. ದನಿ ಕೇಳಲಾಗದವನು ಜೋರಾಗಿ ಅತ್ತರೆ ಅದನ್ನು ಕೇಳುವುದು ಬಲು ಕಷ್ಟ. ಪ್ರಿಯಾ ಓಡಿ ಬಂದು ಅವನ ಬಾಯಿ ಮುಚ್ಚಿ ತಾನೂ ಅತ್ತಳು.

"ನಿನಗ ನೆನಪೈತೆಲ್ಲವ್ವಾ? ಬರದಾಕಿ ನೀನ. ಅವ್ವಂದಕ್ಕ ಹಸರ ಹಚ್ಚು" ಎಂದು ಬೇಡಿಕೊಂಡ.

ಅವಳು ಹೂಂ ಎಂದು ತಲೆಯಾಡಿಸಿದಳು. ಸಾಲಿಯಿಂದ ಬಂದು, ರೊಟ್ಟಿ ಬಡಿದಿಟ್ಟು, ಕೂತು ಒಂದೊಂದೇ ಸಾಲು ಹಿಡಿದು ಬಣ್ಣ ಹಚ್ಚುತ್ತಿದ್ದಳು. ದೀಪಾವಳಿ ಹೊತ್ತಿಗೆ ಮುಗಿಯಿತು. ಚಂದಪ್ಪ ಓದತೊಡಗಿದ. ಸುಗ್ಗಿಯ ಹೊಲದಂತೆ ತುಂಬಿಕೊಂಡಿತ್ತು ಹಸಿರು. ಮುಖ ಬಾಡಿದ್ದನ್ನು ಕಂಡವಳು ರೇವವ್ವ, ಉಂಡು ಹೋಗು ಎಂದವಳೂ ರೇವವ್ವ. ಸಣ್ಣ ಮಾತಿಗೂ ಹಿರಿ ಮಾತಿಗೂ ಕರೆದವಳು ಅವಳೇ. ಎಷ್ಟೊಂದು ಮಾತಾಡಿದ್ದಳು! ಓದುತ್ತ ಓದುತ್ತ ಅವನ ಎದೆ ಹಗುರಾಯಿತು. ಕೆಂಪಿನಲ್ಲಿ ಉಳಿದದ್ದು ಪೆನ್ನು, ಚಪ್ಪಲಿ, ಜಾತ್ರೆಗೆ ಹೋಗಬೇಕೆಂಬ ಹಟ, ಅಷ್ಟೇ.

ಪುಟದ ತುದಿಗೆ ಬಂದ. ಅಲ್ಲಿ ಹಸಿರಿನಲ್ಲಿ ಇತ್ತು: "ಅಪ್ಪಾ, ಅಂಜಬ್ಯಾಡ. ನಾ ಅದೇನಿ."

ಅವನು ಅಲ್ಲೇ ನಿಂತ. ಆ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು. ಬಿಜಾಪುರದಿಂದ ಬಂದು, ಆಸೆ ಇಲ್ಲವೆಂದು ಡಾಕ್ಟರು ಕೈ ಆಡಿಸಿದ್ದನ್ನು ಹೇಳಲಾರದೆ, ಗೋಡೆಗೆ ಒರಗಿ ಕೂತಿದ್ದಾಗ ಪರದೆಯ ಮೇಲೆ ಬಂದದ್ದದು. ರೇವವ್ವ ಅಂದು ಮನೆಯಲ್ಲೇ ಇರಲಿಲ್ಲ.

ಮಗಳನ್ನು ಕರೆದ. ಆ ಸಾಲನ್ನು ಹಿಡಿದು ಅವಳ ಕಣ್ಣೆದುರೇ ಕೆಂಪು ಮಾಡಿದ.

"ಇದು ನಿಂದು. ಅವತ್ತ ನಿಮ್ಮವ್ವ ದವಾಖಾನ್ಯಾಗ ಇದ್ಲು."

ಪ್ರಿಯಾ ಕೀಲಿಮಣೆ ಎಳೆದುಕೊಂಡು ಬರೆದಳು: "ಅಪ್ಪಾ, ಅವ್ವ ದುಡದ ದಣಿದ ಬರ್ತಿದ್ಲು. ಬಾಳ ಮಾತಾಡ್ತಿದ್ದಿಲ್ಲ. ಖರೇ ಬಣ್ಣ ಹಚ್ಚಿದ್ರ ಆಕೀದು ಉಪ್ಪು ಎಣ್ಣಿ ಅಷ್ಟ ಉಳಿತೈತಿ. ನೀ ಹೆಂಗ ಇರ್ತೀ ಮತ್ತ?"

ಚಂದಪ್ಪ ಅದನ್ನು ಓದಿದ. ಮತ್ತೊಮ್ಮೆ ಓದಿದ. ಇಷ್ಟು ವರ್ಷ ತನ್ನನ್ನು ವಿಚಾರಿಸಿದವರು ಯಾರು, ಉಣ್ಣಲು ಕರೆದವರು ಯಾರು, ಎಲ್ಲ ತಿಳಿಯಿತು. ಹದಿನಾಲ್ಕರ ಹುಡುಗಿ ಎದುರಿಗೆ ಕೂತಿದ್ದಳು, ಒಂದು ಒಳ್ಳೆಯ ಮಾತನ್ನೂ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳದೆ.

ಅವನು ಅವಳ ಕಣ್ಣೀರು ಒರೆಸಿದ. ಆಮೇಲೆ ಮೌಸ್ ಹಿಡಿದು ಆ ಸಾಲನ್ನು ಮತ್ತೆ ಹಸಿರು ಮಾಡಿದ.

"ಇರ್ಲಿ ಬಿಡವ್ವಾ," ಅಂದ. "ಆಕೀಗೂ ಅನಬೇಕಂತ ಇದ್ದಿರ್ತೈತಿ."