ಒಂದು ಬ್ಯುರೆಟ್ ಕಡಿಮೆ

ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಸಿದ್ದಪ್ಪಾಜಿಯವರ ಕೈಯಲ್ಲಿ ಗಾಜು ಉಳಿಯುವುದಿಲ್ಲ ಎಂದು ನಾನು ಆರು ವರ್ಷ ನಂಬಿದ್ದೆ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಉದ್ದನೆಯ ಗಾಜಿನ ಕೊಳವೆ ಬ್ಯುರೆಟ್. ಪ್ರತಿ ವರ್ಷ ಅಂಥದ್ದು ಒಂದೋ ಎರಡೋ, “ಒಡೆದೋಯ್ತು ಮೇಡಂ” ಎಂಬ ಒಂದೇ ಮಾತಿನಲ್ಲಿ ಮಾಯವಾಗುತ್ತಿತ್ತು. ಪಾಠ ಮಾಡುವವಳಾದರೂ ನಾನು ಸಿಡುಕಿ, ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ಕೈಕಟ್ಟಿ ನಿಂತು ಕೇಳಿಸಿಕೊಂಡು, ರಾಜೀವನಗರದ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದರು.

ಹೋದ ವರ್ಷ ಮೂರನೆಯ ಸೆಮಿಸ್ಟರ್‌ಗೆ ಕೊಳ್ಳೇಗಾಲದ ಕಾಲೇಜಿನಿಂದ ಪವಿತ್ರ ಬಂದಳು. ಅವಳ ಅಪ್ಪನಿಗೆ ಮೈಸೂರಿಗೆ ವರ್ಗವಾಗಿತ್ತು. ನಡುವೆ ಬಂದು ಸೇರುವವರ ಕಷ್ಟ ಸೇರಿದವರಿಗೇ ಗೊತ್ತು. ಅಷ್ಟು ಹೊತ್ತಿಗೆ ತರಗತಿಯಲ್ಲಿ ಬೆಂಚು, ಜೋಡಿ, ಜಗಳ ಎಲ್ಲವೂ ಹಂಚಿಹೋಗಿರುತ್ತವೆ. ಯಾರೂ ಅವಳಿಗೆ ಕೆಡುಕು ಮಾಡಲಿಲ್ಲ, ಯಾರೂ ಮಾತನಾಡಿಸಲೂ ಇಲ್ಲ. ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಿದ್ದಳು. ನಾನು ದಿನಾ ನೋಡುತ್ತಿದ್ದೆ. ಹೊಸದರಲ್ಲಿ ಎಲ್ಲರಿಗೂ ಹೀಗೇ ಎಂದುಕೊಂಡು ಸ್ಟಾಫ್ ರೂಮಿಗೆ ಹೋಗುತ್ತಿದ್ದೆ.

ತಿಂಗಳೊಳಗೆ ಅವಳು ನೋ ಡ್ಯೂ ಫಾರಂ ಹಿಡಿದು ಬಂದಳು. ಕಾಲೇಜು ಬಿಡುವವರು ಅದರಲ್ಲಿ ಪ್ರತಿ ವಿಭಾಗದ ಸಹಿ ಹಾಕಿಸಿದರೆ ಮಾತ್ರ ಟಿಸಿ ಸಿಗುತ್ತದೆ. ಚಿಕ್ಕಮ್ಮನ ಮನೆಯಲ್ಲಿದ್ದು ಕೊಳ್ಳೇಗಾಲದಲ್ಲೇ ಓದುತ್ತೇನೆ, ಅಲ್ಲಿ ಸೇರಿಸಿಕೊಳ್ಳದಿದ್ದರೆ ಓದೇ ಬೇಡ ಎಂದಳು. ನಾನು ಸಹಿ ಹಾಕಿಬಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಲ್ಯಾಬಿನ ಗಾಜಿನ ಸಾಮಾನಿನ ಲೆಕ್ಕಕ್ಕೆ ಸಹಿ ಹಾಕಬೇಕಿದ್ದ ಸಿದ್ದಪ್ಪಾಜಿಯವರು ಮಾತ್ರ ಪೆನ್ನು ಮುಟ್ಟಲಿಲ್ಲ.

“ನಿನ್ನ ಹೆಸ್ರಲ್ಲಿ ಒಂದು ಪಿಪೆಟ್ ಬಾಕಿ ಅದೆ ಕಣವ್ವ. ಹುಡುಕ್ತಾ ಇವ್ನಿ. ಅಲ್ಲೀಗಂಟ ಪ್ರಾಕ್ಟಿಕಲ್‌ಗೆ ಬಾ,” ಎಂದು ಫಾರಂ ಅನ್ನು ಡ್ರಾಯರಿಗೆ ಹಾಕಿದರು.

ಆ ಗುರುವಾರ ಮತ್ತೆ ಒಂದು ಬ್ಯುರೆಟ್ ಕಡಿಮೆ. ಇಲ್ಲವಾದದ್ದು ಅದೇ ತರಗತಿಯ ಸಂಘಮಿತ್ರಳ ಮೇಜಿನದು. ನಾನು ರೇಗಿಕೊಂಡೇ ಅವಳನ್ನು, ಜೋಡಿಯಿಲ್ಲದೆ ನಿಂತಿದ್ದ ಪವಿತ್ರಳ ಜೊತೆ ನಿಲ್ಲಿಸಿದೆ. ಸಂಘಮಿತ್ರಳಿಗೆ ಬಾಯಿ ಜೋರು, ಕೈಯಲ್ಲಿ ಹದವಿಲ್ಲ. ಒಂದು ಹನಿಗೆ ತಿಳಿ ಗುಲಾಬಿಯಾಗಿ ನಿಲ್ಲಬೇಕಾದ ದ್ರಾವಣ ಅವಳ ಕೈಯಲ್ಲಿ ಬೀಟ್ರೂಟ್ ಸಾರಾಗುತ್ತಿತ್ತು. ಪವಿತ್ರ ಸ್ವಲ್ಪ ಹೊತ್ತು ನೋಡಿದಳು. ಕೊನೆಗೆ ತಡೆಯಲಾರದೆ ಅವಳ ಕೈ ಹಿಡಿದು, “ಈಗ ನಿಲ್ಸು,” ಎಂದಳು. ಲ್ಯಾಬಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ಮೂರು ಗುರುವಾರ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಡಬ್ಬಿಗಳು ಕಂಡವು, ಜೊತೆಗೆ ಕಾಗೆ ಹಾರಿಹೋಗುವಷ್ಟು ನಗು.

ಒಂದು ಸಂಜೆ ಫಿಲ್ಟರ್ ಪೇಪರ್ ಹುಡುಕುತ್ತ ಮೂಲೆಯ ಬೀರು ತೆಗೆದೆ. ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಎಂಟು ಬ್ಯುರೆಟ್‌ಗಳಿದ್ದವು, ಒಂದರಲ್ಲೂ ಬಿರುಕಿಲ್ಲ. ಸಿಟ್ಟು ನೆತ್ತಿಗೇರಿ ಸಿದ್ದಪ್ಪಾಜಿಯವರನ್ನು ಕರೆಸಿದೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಬೇರೆ ಕಾಲೇಜಿನಿಂದ ಯಾರಾದರೂ ಬಂದಾಗಲೆಲ್ಲ ಒಂದನ್ನು ಎತ್ತಿಡುತ್ತಿದ್ದರಂತೆ. ಯಾರ ಕೈ ಹದ, ಯಾರದು ಒರಟು ಎಂಬುದು ಫ್ಲಾಸ್ಕು ತೊಳೆಯುವವರಿಗೆ ಬಣ್ಣದಲ್ಲೇ ತಿಳಿಯುತ್ತದಂತೆ. “ಮಾತಾಡ್ರವ್ವ ಅಂದ್ರೆ ಯಾರೂ ಆಡಲ್ಲ ಮೇಡಂ. ಇಬ್ರಿಗೂ ಒಂದೇ ಇದ್ರೆ ಆಡ್ಲೇಬೇಕಲ್ಲ,” ಎಂದರು. ಆಮೇಲೆ, ತಾವು ಹಳ್ಳಿಯಿಂದ ಎಂಟನೇ ಕ್ಲಾಸಿಗೆ ಮೈಸೂರಿಗೆ ಬಂದದ್ದು, ಒಂದು ತಿಂಗಳು ನಲ್ಲಿಯ ಪಕ್ಕ ಒಬ್ಬರೇ ಕೂತು ಉಂಡದ್ದು, ಕೊನೆಗೆ ಊರಿಗೆ ವಾಪಸು ಹೋದದ್ದು ಹೇಳಿದರು. “ಅಲ್ಲಿಗೆ ನಮ್ ಓದು ಮುಗೀತು. ಯಾರೂ ತಡೀಲಿಲ್ಲ.”

ಬಾಗಿಲಲ್ಲಿ ಪವಿತ್ರ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಾಗಾದರೆ ಪಿಪೆಟ್ ಬಾಕಿ ಇಲ್ಲವೇ ಎಂದು ಕೇಳಿದಳು. ಸಿದ್ದಪ್ಪಾಜಿಯವರು ತಲೆ ತಗ್ಗಿಸಿಕೊಂಡು ಡ್ರಾಯರಿನಿಂದ ಫಾರಂ ತೆಗೆದು, ಸಹಿ ಹಾಕಿ ಕೊಟ್ಟರು. ಅವಳು ತೆಗೆದುಕೊಂಡು ಹೋದಳು. ನನ್ನ ಸಿಟ್ಟೆಲ್ಲ ಇಳಿದು ಭಯ ಹುಟ್ಟಿತು. ನಾನು ಆ ಬೀರು ತೆಗೆಯದಿದ್ದರೆ ಹುಡುಗಿ ಉಳಿಯುತ್ತಿದ್ದಳಲ್ಲ ಎನಿಸಿತು. ಮರುದಿನ ಆಫೀಸಿನಲ್ಲಿ ವಿಚಾರಿಸಿದೆ, ಅದರ ಮರುದಿನವೂ ವಿಚಾರಿಸಿದೆ. ಫಾರಂ ಅಲ್ಲಿಗೆ ಬಂದಿರಲಿಲ್ಲ. ಗುರುವಾರ ಪವಿತ್ರ ಏಪ್ರನ್ ಹಾಕಿಕೊಂಡು ಲ್ಯಾಬಿಗೆ ಬಂದಳು.

ಇನ್ನು ಬಚ್ಚಿಡುವುದಿಲ್ಲ ಎಂದು ಸಿದ್ದಪ್ಪಾಜಿಯವರು ಮಾತು ಕೊಟ್ಟರು. ಆದರೂ ನಾನು ಬೀರುವಿಗೆ ಬೀಗ ಜಡಿದೆ. ನನ್ನ ಬುದ್ಧಿ ಅಷ್ಟೇ.

ಈ ವರ್ಷ ಐದನೆಯ ಸೆಮಿಸ್ಟರ್‌ಗೆ ಹಾಸನದಿಂದ ಸುಮಾ ಎಂಬ ಹುಡುಗಿ ಬಂದು, ಕೊನೆಯ ಮೇಜಿನ ಮುಂದೆ ತಲೆ ಬಗ್ಗಿಸಿ ನಿಂತಳು. ಎಣಿಸಿದೆ. ಒಂದು ಬ್ಯುರೆಟ್ ಕಡಿಮೆ. ಸಿದ್ದಪ್ಪಾಜಿಯವರನ್ನು ದುರುಗುಟ್ಟಿ ನೋಡಿದೆ.

“ಮಾದಪ್ಪನಾಣೆಗೂ ನಾನಲ್ಲ ಮೇಡಂ,” ಎಂದರು.

“ನಂದು ಒಡೆದೋಯ್ತು ಮೇಡಂ,” ಎಂದಳು ಪವಿತ್ರ. ಅಷ್ಟರಲ್ಲಾಗಲೇ ಅವಳು ಕೊನೆಯ ಮೇಜಿನತ್ತ ಹೊರಟಿದ್ದಳು. ಸಂಘಮಿತ್ರಳ ಬ್ಯಾಗಿನಿಂದ ಗೇಣುದ್ದ ಗಾಜು ಹೊರಗೆ ಚಾಚಿತ್ತು. ಒಡೆದ ಚೂರು ತೋರಿಸು ಎಂದು ನಾನು ಕೇಳಲಿಲ್ಲ.