ಗೇಟಿನಾಚೆ ಕೂತು ಟಾಕಿ ಬದಲಿಸಿದವ

ಬೀಡಿ ಸೇದುವವರು ಕಿವಿಯ ಮೇಲೆ ಬೀಡಿ ಇಟ್ಟುಕೊಳ್ಳುತ್ತಾರೆ. ಅವನ ಕಿವಿಯ ಮೇಲೆ ಸೆಣಬಿನ ನಾರಿನ ಸುರುಳಿ ಇರುತ್ತಿತ್ತು. ಪೈಪಿಗೆ ಬಿಳಿ ಟೇಪು ಸುತ್ತಿ, ಅದರ ಮೇಲೆ ನಾರನ್ನೂ ಸುತ್ತುತ್ತಿದ್ದ. ಎರಡು ಯಾಕೋ ಅಂದರೆ, "ಒಂದರ ಮ್ಯಾಲೆ ನಂಬಿಕಿ ಇಲ್ರೀ ಅಕ್ಕಾರ" ಅನ್ನುವವ.

ಖಡಕಿಯಲ್ಲಿ ನನ್ನದು ಖಾನಾವಳಿ, ಉಣ್ಣುವವರು ಸುತ್ತಲಿನ ಕಾರ್ಖಾನೆಯವರು. ಹಿತ್ತಲಲ್ಲಿ ಬಾವಿ, ಪಂಪು, ಪಂಪಿನ ಮಗ್ಗಲಿಗೆ ನೀರನ್ನು ಒತ್ತಡದಲ್ಲಿ ಹಿಡಿದಿಡುವ ಪ್ರೆಶರ್ ಟಾಕಿ. ಅವನು ನಮ್ಮ ನಳದವ, ನಳ-ಪೈಪು ರಿಪೇರಿಯವ, ಇಂಡಿ ಕಡೆಯವ. ಮಾತು ಕಡಿಮೆ, ಗೊಣಗುವುದು ಭಾಳ. ಚಹಾಕ್ಕೆ ಸಕ್ಕರೆ ಸಾಲದು ಅನ್ನುವವ, ಆದರೂ ಇನ್ನೊಂದು ಕಪ್ಪು ಕೇಳುವವ.

ಒಂದು ಬೇಸಿಗೆ, ನಳ ಬಿಟ್ಟರೆ ಸಾಕು ಪಂಪು ಹತ್ತುವುದು, ಆರುವುದು, ಮತ್ತೆ ಹತ್ತುವುದು ಶುರುವಾಯಿತು. ಅವನು ಬಂದು ಟಾಕಿಯನ್ನು ಮೇಲಿಂದ ಕೆಳತನಕ ಬಡಿದು ನೋಡಿದ.

"ಒಳಗಿನ ರಬ್ಬರು ಹರದದ. ಗಾಳಿ ಇರೋ ಜಾಗಾದಾಗೂ ನೀರು ತುಂಬ್ಯದ. ಹಿಂಗ ಬಿಟ್ರ ಮೋಟರ್ ಸುಡತದ. ಹೊಸಾದು ತರಸ್ರಿ."

ತರಿಸಿದೆ. ಅಷ್ಟರಲ್ಲಿ ಊರಲ್ಲಿ ಅವನ ದೊಡ್ಡಪ್ಪ ತೀರಿದ. ಮಣ್ಣಿಗೆ ಹೋಗಿ ಬಂದವ ನಮ್ಮ ಹಿತ್ತಲ ಗೇಟಿನ ಹೊರಗೇ ನಿಂತ.

"ಸೂತಕ ಅದರೀ. ಅಡಗಿ ನೀರು ಮುಟ್ಟಂಗಿಲ್ಲ."

"ನಾವು ಲಿಂಗಾಯತರು. ನಮ್ಮೊಳಗ ಸೂತಕ ಇಲ್ಲ. ಒಳಗ ಬಾ."

"ನಿಮಗಿಲ್ಲ. ನನಗದ."

"ಮತ್ತ್ಯಾಕ ಬಂದಿ?"

"ಹೇಳಾಕ."

ಬೇರೆ ನಳದವರು ನಾಳೆ ಅಂದಿದ್ದರು. ಮೋಟರ್ ಆಗಲೇ ಸುಟ್ಟ ವಾಸನೆ ಬಿಡುತ್ತಿತ್ತು. ಅದು ಹೋದರೆ ನೀರಿಲ್ಲ, ನೀರಿಲ್ಲದಿದ್ದರೆ ಒಲೆ ಇಲ್ಲ. ಬೇರೆ ಖಾನಾವಳಿಯ ರೊಟ್ಟಿ ರೂಢಿಯಾದ ಕಾರ್ಖಾನೆಯವರು ತಿರುಗಿ ಬರುವುದಿಲ್ಲ. ಸೆರಗು ಸಿಕ್ಕಿಸಿದೆ.

ಅವನು ಗೋಡೆಯಾಚೆ ಕಲ್ಲಿನ ಮೇಲೆ ಕೂತು ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂತ ಒದರಿದ, ನಾನು ಮಾಡಿದೆ. ಕರೆಂಟು ತೆಗೆದೆ. ನಳ ಬಿಟ್ಟು ನೀರು ಇಳಿಸಿದೆ. ಪಾನಾ ಹಾಕಿ ಪೈಪಿನ ಜೋಡಣೆ ಬಿಚ್ಚಿದೆ. ಬೇಗ ಊಟಕ್ಕೆ ಬಂದ ಇಬ್ಬರು ಹಳೆ ಟಾಕಿ ಎತ್ತಿ ಬದಿಗಿಟ್ಟರು. ಹೆಣಭಾರ ಇತ್ತು. ಟೇಪು ಸುತ್ತಿ ಹೊಸದನ್ನು ಕೂಡಿಸಿ ಕರೆಂಟು ಹಾಕಿದರೆ ಜೋಡಣೆಯಲ್ಲಿ ಚಿರ್ರ್ ಅಂತ ಸೋರಿತು, ಮತ್ತೆ ಕರೆಂಟು ತೆಗೆದೆ.

"ಟೇಪು ಎಡಕ್ಕ ಸುತ್ತೀರಿ."

"ಗ್ವಾಡಿ ಆಚಿಂದ ನಿನಗ ಕಾಣತದೇನೋ?"

"ಕೇಳತದರೀ. ಬಿಚ್ಚರಿ. ಬಲಕ್ಕ ಸುತ್ತರಿ."

"ನೀ ರೊಟ್ಟಿ ಬಡಿಯಾಕ ಕೂಡು, ನಾನೂ ಹಿಂಗ ಹೊರಗ ಕೂತು ಒದರತೀನಿ."

"ರೊಟ್ಟಿ ಹರದರೂ ತಿನ್ನಬಹುದ್ರೀ ಅಕ್ಕಾರ."

ಬಿಚ್ಚಿದೆ. ಬಲಕ್ಕೆ ಸುತ್ತಿದೆ. ಕರೆಂಟು ಹಾಕಿದೆ. ಪಂಪು ಓಡಿ, ಟಾಕಿ ತುಂಬಿ, ತಾನೇ ಆರಿತು. ನಳ ಬಿಟ್ಟೆ. ನೀರು ಬಂತು, ಪಂಪು ಸುಮ್ಮನಿತ್ತು. "ಆತು" ಅಂದು ಅವನು ಎದ್ದು ಹೋದ. ಚಹಾ ಕೂಡ ಕುಡಿಯಲಿಲ್ಲ. ಅವತ್ತು ಊಟ ತಡವಾಯಿತು, ತಪ್ಪಲಿಲ್ಲ.

ಹೋದ ವರ್ಷ ಎದೆನೋವು ಬಂದು ಸತ್ತ. ಯೆರವಡಾದಲ್ಲಿ ಅವನ ಸಂಸಾರ ಇದ್ದ ಖೋಲಿಗೆ ಹೋದೆ. ನನಗೆ ಅಳು ಬರುವುದಿಲ್ಲ, ಬರಲೂ ಇಲ್ಲ. ಪಾತ್ರೆ ತೊಳೆಯುವ ಮೋರಿಯ ನಳ ಸೋರುತ್ತಿತ್ತು.

"ಊರಮಂದಿ ನಳ ಎಲ್ಲಾ ಇವರು ರಿಪೇರಿ ಮಾಡಿದ್ರು. ಇದೊಂದು ನಾಳಿ ನಾಳಿ ಅಂದ್ರು," ಅಂದಳು ಅವನ ಹೆಂಡತಿ.

ಅವನ ಕೆಲಸದ ಚೀಲ ಮೂಲೆಯಲ್ಲಿತ್ತು. ಪಾನಾ ತೆಗೆದು, ನೀರಿನ ವಾಲ್ ಮುಚ್ಚಿ, ನಳ ಬಿಚ್ಚಿ, ಟೇಪು ಬಲಕ್ಕೆ ಸುತ್ತಿ, ಅದರ ಮೇಲೆ ನಾರನ್ನೂ ಸುತ್ತಿ, ಮತ್ತೆ ಕೂಡಿಸಿ ಬಿಗಿ ಮಾಡಿದೆ. ಬಂದ ಹೆಂಗಸರು ಅಳುವುದು ಬಿಟ್ಟು ನನ್ನನ್ನೇ ನೋಡಿದರು.

ನೀರು ನಿಂತಿತು. ಕೈ ಒರೆಸಿಕೊಂಡು ಬಂದೆ.