ಸೇಸಪ್ಪಣ್ಣ ಒಪ್ಪದ ಜಿಂಕೆ ಗಣತಿ

ಗಲ್ಫಿನ ಹಮ್ರಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಯಾರ ಮನೆಗೆ ಚಹಾಕ್ಕೆ ಬಂದರೂ ಸೇಸಪ್ಪಣ್ಣ ಮೊದಲು ಕೇಳುವುದು ಪೇಪರು. ಅದರಲ್ಲಿ ಮರುಭೂಮಿಯ ಜಿಂಕೆಗಳ ಸರಕಾರಿ ಗಣತಿ ಬಂದಿದ್ದರಂತೂ ಚಹಾ ತಣ್ಣಗಾದಂತೆಯೇ. “ಎಂತ ಗಣತಿ ಮಾರಾಯ್ರೆ! ಎಸಿ ಜೀಪಿನ ಗ್ಲಾಸ್ ಏರಿಸಿ ಮಟಮಟ ಮಧ್ಯಾಹ್ನ ಹೋದ್ರೆ ಜಿಂಕೆ ಬಂದು ಹಾಜರಿ ಹೇಳ್ತದಾ? ಗಾಳಿ ಯಾವ ಕಡೆಯಿಂದ ಅಂತಾದರೂ ನೋಡಿದ್ದಾರಾ ಇವರು?” ಎಂದು ಮೇಜು ಗುದ್ದುತ್ತಾರೆ. ಬೆಳ್ತಂಗಡಿಯ ಕಾಡಿನಲ್ಲಿ ಕೋವಿ ಹಿಡಿದು ತಿರುಗಿದ ಗತ್ತು ಶಿಪ್ಪಿಂಗ್ ಆಫೀಸಿನ ಟೈ ಕಟ್ಟಿದ ಮೇಲೂ ಇಳಿದಿಲ್ಲ. ಗೋಡೆಯ ಹಲ್ಲಿಯ ಹತ್ತಿರಕ್ಕೂ ಉಸಿರು ಬಿಗಿಹಿಡಿದು ಬಗ್ಗಿಯೇ ನಡೆಯುತ್ತಾರೆ. ಸರಕಾರದ ಸಂಖ್ಯೆ ಹೆಚ್ಚಾದರೆ ಸುಳ್ಳು, ಕಡಿಮೆಯಾದರೆ ಶುದ್ಧ ಸುಳ್ಳು. ತೊಂಬತ್ತೈದರಲ್ಲಿ ಒಮ್ಮೆ ಮರುಭೂಮಿಯ ದುಕ್ಮ್ ದಾರಿಯಲ್ಲಿ ನಾವಿಬ್ಬರು ಹೋಗುತ್ತಿದ್ದ ಕಾರಿನ ಮುಂದೆಯೇ ಜಿಂಕೆಯೊಂದು ಮರಿಯೊಡನೆ ದಾಟಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಗಣತಿಯವರ ಜೀಪು ನಿಂತಿತ್ತು. ದಾರಿಯಲ್ಲಿ ಏನಾದರೂ ಕಂಡಿತೇ ಎಂದು ಅವರೇ ಕೇಳಿದರು. “ಕುಛ್ ನಹೀ,” ಎಂದರು ಸೇಸಪ್ಪಣ್ಣ. ಇಷ್ಟು ವರ್ಷ ಬೈದು ಈಗ ನೀವೇ ಸುಳ್ಳು ಹೇಳುವುದೇ ಎಂದು ಕಾರಿನಲ್ಲಿ ನಾನು ರೇಗಿದೆ. ಅವರು ನನಗಿಂತ ಜೋರಾಗಿ ರೇಗಿದರು: “ಇಂಥ ಕಡೆ ಜಿಂಕೆ ಉಂಟು ಅಂತ ಪೇಪರಿನಲ್ಲಿ ಬಂದ್ರೆ ಮೊದಲು ಓದುವುದು ಕೋವಿ ಇದ್ದವನು ಮಾರಾಯ! ಊರಲ್ಲಿ ನಾನೇ ಓದ್ತಿದ್ದೆ. ಈಗ ಅಲ್ಲಿ ಒಂದೂ ಇಲ್ಲ.”